‘ಆಗದು’ ಎಂಬ ಉತ್ತರ

ಅಧ್ಯಾಪಕನ ನಾಲಗೆಯಲ್ಲಿ ಸದಾ ನೆಲೆಸಿರುವ ಮಾತುಗಳು ಕೆಲವಿವೆ. ‘ಸದ್ದು ಮಾಡಬೇಡಿ’ ಎಂಬುದು ಒಂದು; ‘ಪುಸ್ತಕ ತೆಗೆಯಿರಿ’ ಎಂಬುದು ಇನ್ನೊಂದು. ಅವನೇ ಮುಂದೆ ಮುಖ್ಯೋಪಾಧ್ಯಾಯನಾಗಿ ಕಚೇರಿಯ ಕುರ್ಚಿಯಲ್ಲಿ ಕುಳಿತನೆಂದರೆ ಮೂರನೆಯ ಮಾತೊಂದು ಕರೆಯದೆಯೇ ಬಂದು ಸೇರಿಕೊಳ್ಳುತ್ತದೆ. ಅದು ‘ನಾಳೆ ಬನ್ನಿ’ ಎಂಬುದು. ಈ ಮಾತಿನಲ್ಲಿ ಕೆಡುಕೇನೂ ಇಲ್ಲವೆಂದು, ಬದಲಿಗೆ ಬಂದವರನ್ನು ನಿರಾಶೆಗೊಳಿಸದೆ ಕಳುಹಿಸುವ ಸೌಜನ್ಯವೇ ಇದೆಯೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಅಳಿದದ್ದು ಗಣಕಯಂತ್ರವೊಂದು ಕೆಟ್ಟುದರಿಂದ ಎಂದರೆ ವಾಚಕರಿಗೆ ವಿಚಿತ್ರವೆನಿಸೀತು. ಆದರೂ ನಡೆದುದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮದು ಕಾಸರಗೋಡಿನ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆ. ಹೆಂಚಿನ ಮಾಡು, ಮುಂದೆ ಮುರಕಲ್ಲಿನ ಜಗಲಿ, ಹಿಂದೆ ಅಡಿಕೆ ತೋಟ. ಶಾಲೆಯ ನಿಜವಾದ ಸಂಪತ್ತು ಎಂದರೆ ಅದರ ಹಳೆಯ ಅಡ್ಮಿಶನ್ ರಿಜಿಸ್ಟರುಗಳು. ಮೊದಲ ಸಂಪುಟದ ಹಾಳೆಗಳಲ್ಲಿ ಜಿಲ್ಲೆಯ ಹೆಸರು ದಕ್ಷಿಣ ಕನ್ನಡ ಎಂದಿದೆ. 1956ರ ನವೆಂಬರ್ 1ರಂದು ನಾವು ಕುಳಿತಲ್ಲೇ ರಾಜ್ಯ ಬದಲಾಯಿತು; ಆಮೇಲಿನ ಹಾಳೆಗಳಲ್ಲಿ ಕಣ್ಣಾನೂರು ಜಿಲ್ಲೆ ಎಂದು ಬಂತು. 1984ರಲ್ಲಿ ಕಾಸರಗೋಡು ಜಿಲ್ಲೆಯೇ ಆದ ಮೇಲೆ ಮತ್ತೆ ಬದಲಾವಣೆ. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಅದರ ಕೆಳಗೆ ಮಕ್ಕಳ ಹೆಸರು, ತಂದೆಯ ಹೆಸರು, ಕಸುಬು, ಜನ್ಮದಿನ ಎಲ್ಲವೂ ಅದೇ ದುಂಡು ಕನ್ನಡ ಅಕ್ಷರಗಳಲ್ಲಿ ಮುಂದುವರಿದಿವೆ. ನಮ್ಮಂಥ ಗಡಿಯ ಜನಕ್ಕೆ ಇದು ಬರಿಯ ದಾಖಲೆಯಲ್ಲ. ನಾವು ಇಲ್ಲಿಯವರೇ ಎಂಬುದಕ್ಕೆ ಸಾಕ್ಷಿ.

2017ರ ಬೇಸಿಗೆ ರಜೆಯಲ್ಲಿ ನಾನೂ ಸಹೋದ್ಯೋಗಿಗಳೂ ಸೇರಿ ಈ ರಿಜಿಸ್ಟರುಗಳ ಸುಮಾರು ನಾನೂರು ಪುಟಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇರಿಸಿದೆವು. ಅದು ಪುಣ್ಯಕಾರ್ಯವೇ ಆಯಿತು. 2019ರ ಆಗಸ್ಟ್ ತಿಂಗಳ ಮಳೆಗೆ ಕಪಾಟಿನ ಮೇಲಿನ ಹೆಂಚು ಸೋರಿ ಒಂದು ಸಂಪುಟ ಪೂರ್ತಿ ನೆನೆದುಹೋಯಿತು. ಒಣಗಿಸಿ ನೋಡಿದಾಗ ಶಾಯಿ ಹರಡಿ, ಹತ್ತು ಅಕ್ಷರಗಳಲ್ಲಿ ನಾಲ್ಕು ಮಾತ್ರ ಓದಲು ಬರುವಂತಿತ್ತು. ಆ ಕಾಲದ ಮಕ್ಕಳ ಪಾಲಿಗೆ ಸ್ಕ್ಯಾನ್ ಮಾಡಿದ ಚಿತ್ರವೇ ಗತಿ. ಅಂಥವರು ಬಂದಾಗ ಮೂಲಪುಟದಲ್ಲಿ ಅಳಿದುಳಿದ ಅಕ್ಷರಗಳೊಡನೆ ಚಿತ್ರವನ್ನು ತಾಳೆ ನೋಡಿ ನಾನು ಪ್ರಮಾಣಪತ್ರ ಬರೆದುಕೊಡುತ್ತಿದ್ದೆ.

2022ರಲ್ಲಿ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಹೊಸ ಗಣಕಯಂತ್ರವೊಂದನ್ನು ಕೊಡಿಸಿದರು. ಚಿತ್ರಗಳನ್ನೆಲ್ಲ ಅದಕ್ಕೆ ವರ್ಗಾಯಿಸಿ ಹಳೆಯದನ್ನು ಗುಜರಿಗೆ ಕೊಟ್ಟೆವು. ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲಿ ಇತ್ತು ಎಂದು ನೆನಪು. ಅದು ಯಾರ ಕೈಯಲ್ಲಿ, ಯಾವ ಮೇಜಿನ ಖಾನೆಯಲ್ಲಿ ಎಂಬುದು ಮಾತ್ರ ನೆನಪಿಲ್ಲ. ‘ಉತ್ತರಪತ್ರಿಕೆಯನ್ನು ಎರಡು ಸಲ ನೋಡಿ ಕೊಡಿ’ ಎಂದು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಿರುವವನ ಮನೆವಾರ್ತೆ ಇದು.

2024ರ ಜೂನ್ 10ರಂದು, ಶಾಲೆ ತೆರೆದು ವಾರ ಕಳೆದಿತ್ತು, ಹೊಳೆಯಾಚೆಯಿಂದ ಒಬ್ಬ ಹೆಂಗಸು ಬಂದರು. ಬೀಡಿ ಕಟ್ಟಿ ಸಂಸಾರ ನಡೆಸಿದವರು. ಬೆರಳುಗಳನ್ನು ನೋಡಿದರೇ ಗೊತ್ತಾಗುತ್ತಿತ್ತು. 1970ರಲ್ಲಿ ನಮ್ಮ ಶಾಲೆಗೆ ಸೇರಿ ಮೂರನೆಯ ತರಗತಿಗೆ ಬಿಟ್ಟವರಂತೆ. ಪಿಂಚಣಿಯ ಅರ್ಜಿಗೆ ಜನ್ಮದಿನಾಂಕದ ದಾಖಲೆ ಬೇಕು; ಅರ್ಜಿ ಕೊಡಲು 20ನೆಯ ತಾರೀಕು ಕೊನೆಯ ದಿನ.

“ಕೂತುಕೊಳ್ಳಿ ಅಕ್ಕ, ಈಗಲೇ ನೋಡುತ್ತೇನೆ” ಎಂದು ನಾನು ಯಂತ್ರವನ್ನು ಚಾಲೂ ಮಾಡಿದೆ. ಅವರ ಸಂಪುಟ ಆ ನೆನೆದ ಸಂಪುಟವೇ ಆಗಿತ್ತು. ಚಿತ್ರಗಳ ಕಡತವನ್ನು ತೆರೆದೆ, ತೆರೆಯಲಿಲ್ಲ. ಪರದೆಯ ಮೇಲೆ ಮೌಸಿನ ಬಾಣ ಆಚೀಚೆ ಓಡಾಡುತ್ತಿತ್ತು, ಆದರೆ ಯಾವುದನ್ನು ಒತ್ತಿದರೂ ಏನೂ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್‌ಪುಟ್ ಔಟ್‌ಪುಟ್ ಎರರ್ ಎಂಬೊಂದು ಸಾಲು ಮೂಡಿ ಎಲ್ಲವೂ ಸ್ತಬ್ಧವಾಯಿತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ವಿದ್ಯುತ್ತಿನ ತೊಂದರೆ ಇರಬೇಕೆಂದುಕೊಂಡೆ.

“ಯಂತ್ರಕ್ಕೆ ಏನೋ ಆಗಿದೆ ಅಕ್ಕ. ನಾಳೆ ನಾಳಿದ್ದರಲ್ಲಿ ಬನ್ನಿ, ಕೊಡುತ್ತೇನೆ.”

“ಆಯ್ತು ಮಾಷ್ಟ್ರೇ” ಎಂದು ಅವರು ಕೊಡೆ ಬಿಡಿಸಿ ಹೊರಟರು.

ಸಂಜೆ ಯಂತ್ರದ ವಿದ್ಯುತ್ತನ್ನು ಪೂರ್ತಿ ಕಡಿದು ಮತ್ತೆ ಕೊಟ್ಟಾಗ ಅದು ಏನೂ ಆಗದ ಹಾಗೆ ಎದ್ದು ಕುಳಿತಿತು. ನನಗೆ ಸಮಾಧಾನವಾಯಿತು. ಮಧ್ಯಾಹ್ನದೂಟದ ಲೆಕ್ಕ ಬರೆದೆ, ಮನೆಗೆ ಹೋದೆ. ಆಕೆಯ ಪುಟವನ್ನು ಆಗಲೇ ಮುದ್ರಿಸಿ ಇಡಬೇಕೆಂದು ತೋಚಲಿಲ್ಲ. 12ರಂದು ಆಕೆ ಬಂದಾಗ ಮತ್ತೆ ಅದೇ ಸ್ಥಿತಿ. 14ರಂದು ಬಂದಾಗ ಯಂತ್ರ ಅರ್ಧ ಗಂಟೆ ನಡೆದು, ನಾನು ಚಹಾ ಕುಡಿದು ಬರುವಷ್ಟರಲ್ಲಿ ಮರಗಟ್ಟಿತ್ತು. 18ರಂದು ನಾಲ್ಕನೆಯ ಸಲ. ಪ್ರತಿ ಸಲವೂ ನನ್ನ ಬಾಯಿಂದ ಬಂದದ್ದು ಆ ಒಂದೇ ಮಾತು. ಕೊನೆಯ ಸಲ ಆಕೆ ಏನೂ ಹೇಳದೆ ಸ್ವಲ್ಪ ಹೊತ್ತು ಜಗಲಿಯಲ್ಲಿ ಕುಳಿತು ಎದ್ದುಹೋದರು. 20ನೆಯ ತಾರೀಕು ಕಳೆದುಹೋಯಿತು.

22ರ ಶನಿವಾರ ನನ್ನ ಹಳೆಯ ಶಿಷ್ಯನೊಬ್ಬ ಅಜ್ಜಿಯ ವರ್ಷಾಂತಿಕಕ್ಕೆಂದು ಊರಿಗೆ ಬಂದವನು ಶಾಲೆಗೂ ಬಂದ. ಬೆಂಗಳೂರಿನಲ್ಲಿ ಅವನ ಉದ್ಯೋಗ ಡ್ರೈವರ್ ಬರೆಯುವುದು. ಮೊದಲು ಅವನ ತಾಯಿ ಇದನ್ನು ಹೇಳಿದಾಗ, ಅಷ್ಟು ಓದಿದ ಹುಡುಗ ಯಾವ ಬಸ್ಸಿಗೆ ಡ್ರೈವರ್ ಆದನೋ ಎಂದು ನಾನು ಮರುಗಿದ್ದುಂಟು. ಇದು ಬೇರೆ ಡ್ರೈವರ್. ಗಣಕಯಂತ್ರದ ಕಾರ್ಯವ್ಯವಸ್ಥೆಗೂ, ಅದಕ್ಕೆ ಜೋಡಿಸಿದ ಒಂದೊಂದು ಉಪಕರಣಕ್ಕೂ ನಡುವೆ ನಿಂತು ವ್ಯವಹಾರ ನಡೆಸುವ ತಂತ್ರಾಂಶಕ್ಕೆ ಆ ಹೆಸರು. ಅವನ ಕೆಲಸ ಸಂಗ್ರಹಸಾಧನಗಳ ಡ್ರೈವರ್‌ಗಳದ್ದು.

ನಮ್ಮ ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದ, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾದ ಮೇಲೂ, ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವೇ ಬಳಕೆಯಲ್ಲಿದೆ. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು. ಆದ್ದರಿಂದ ನನ್ನ ಶಿಷ್ಯನಿಗೆ ನಮ್ಮ ಯಂತ್ರ ಅಪರಿಚಿತವಾಗಿರಲಿಲ್ಲ. ಅವನು ತನ್ನ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ನಮ್ಮ ಡಿಸ್ಕಿಗೆ ಸ್ವಲ್ಪ ಕೆಲಸ ಕೊಟ್ಟು, ಆಮೇಲೆ ಸುಮ್ಮನೆ ಬಿಟ್ಟು ಕಾದ. ಕಾಲು ಗಂಟೆಯ ಮೇಲೆ ಮತ್ತೆ ಓದಲು ಹೇಳಿದ. ಡಿಸ್ಕು ಮೌನ. ಪರದೆಯ ಮೇಲೆ ಸಾಲುಗಳು ಮೂಡತೊಡಗಿದವು. “ಮಾಷ್ಟ್ರೇ, ಸಿಕ್ಕಿತು. ನಿಮ್ಮ ಡಿಸ್ಕಿನ ಕಂಟ್ರೋಲರ್ ಬಿದ್ದುಹೋಗಿದೆ” ಎಂದ.

“ಯಾರು ಅವನು ಕಂಟ್ರೋಲರ್?” ಎಂದೆ.

ಅವನು ನಗುತ್ತಾ ವಿವರಿಸಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಈಗಿನ ಡಿಸ್ಕುಗಳಲ್ಲಿ ತಿರುಗುವ ತಟ್ಟೆ ಇಲ್ಲ. ಅಕ್ಷರಗಳನ್ನು ಹಿಡಿದಿಡುವ ಚಿಪ್ಪುಗಳಿವೆ. ಆ ಚಿಪ್ಪುಗಳ ಮುಂದೆ ಉಗ್ರಾಣದ ಪಾರುಪತ್ಯಗಾರನಂತೆ ಕುಳಿತಿರುವ ಪುಟ್ಟ ಗಣಕವೇ ಕಂಟ್ರೋಲರ್. ಯಾವ ಪುಟ ಯಾವ ಚಿಪ್ಪಿನಲ್ಲಿದೆ ಎಂಬುದು ಅವನಿಗೆ ಮಾತ್ರ ಗೊತ್ತು. ಡ್ರೈವರ್ ತನ್ನ ಬೇಡಿಕೆಗಳನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಗಂಟೆ ಬಾರಿಸುತ್ತದೆ. ಕಂಟ್ರೋಲರ್ ಒಂದೊಂದನ್ನೇ ಎತ್ತಿಕೊಂಡು ಕೆಲಸ ಮುಗಿಸಿ, ಇನ್ನೊಂದು ಸಾಲಿನಲ್ಲಿ ಉತ್ತರವನ್ನಿಟ್ಟು ತಾನೂ ಸನ್ನೆ ಮಾಡುತ್ತಾನೆ. ಎನ್‌ವಿಎಂಇ ಎಂದು ಕರೆಯಲಾಗುವ ಈ ಏರ್ಪಾಡಿನ ಮೊದಲ ನಿಯಮಾವಳಿ 2011ರಲ್ಲಿ ಪ್ರಕಟವಾಯಿತು. 2012ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್‌ನ 3.3ನೆಯ ಆವೃತ್ತಿಯಲ್ಲಿ ಅದರ ಡ್ರೈವರ್ ಸೇರಿತು. ಎಲ್ಲವೂ ಸರಿಯಿದ್ದಾಗ ಒಂದು ಬೇಡಿಕೆಗೆ ಉತ್ತರ ಬರಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

“ಎಲ್ಲ ಸರಿ ಇರುವಾಗ ಡ್ರೈವರ್ ಬರೆಯುವುದು ದೊಡ್ಡ ವಿದ್ಯೆಯಲ್ಲ ಮಾಷ್ಟ್ರೇ. ಕಂಟ್ರೋಲರ್ ಉತ್ತರ ಕೊಡದೆ ಕುಳಿತಾಗ ಏನು ಮಾಡಬೇಕು ಎನ್ನುವುದರಲ್ಲಿಯೇ ನಮ್ಮ ಅರ್ಧ ಆಯುಸ್ಸು ಹೋಗುತ್ತದೆ” ಎಂದು ಅವನು ಹೇಳಿದಾಗ ನನಗೆ ಕುತೂಹಲವಾಯಿತು. ನಮ್ಮ ವೃತ್ತಿಯೂ ಹಾಗೆಯೇ ಅಲ್ಲವೇ? ಜಾಣ ಮಗುವಿಗೆ ಕಲಿಸಲು ತರಬೇತಿ ಬೇಕಿಲ್ಲ. ಪ್ರಶ್ನೆ ಕೇಳಿದಾಗ ತಲೆ ತಗ್ಗಿಸಿ ನಿಲ್ಲುವ ಮಗುವಿಗಾಗಿಯೇ ಟಿ.ಟಿ.ಸಿ. ಓದಿದ್ದು.

ಡ್ರೈವರ್ ಮೊದಲು ಮಾಡುವುದು ಗಡಿಯಾರವಿಡುವುದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಓದು–ಬರಹದ ಒಂದು ಬೇಡಿಕೆಗೆ 30 ಸೆಕೆಂಡು, ಆಡಳಿತದ ಬೇಡಿಕೆಗೆ 60 ಸೆಕೆಂಡು ಗಡುವು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಗದ್ದಲವೆಬ್ಬಿಸುವುದಿಲ್ಲ. ಉತ್ತರ ಆಗಲೇ ಬಂದು ಬಿದ್ದಿದ್ದು, ಸನ್ನೆಯೊಂದೇ ತಪ್ಪಿಹೋಯಿತೋ ಎಂದು ಉತ್ತರಗಳ ಸಾಲನ್ನು ತಾನೇ ಹೋಗಿ ನೋಡುತ್ತದೆ. ಅಲ್ಲಿಯೂ ಇಲ್ಲವೆಂದಾದರೆ ‘ಆ ಒಂದು ಬೇಡಿಕೆಯನ್ನು ಕೈಬಿಡು’ ಎಂದು ಕಂಟ್ರೋಲರಿಗೆ ಹೇಳಿ ಇನ್ನೊಂದು ಗಡುವು ಕೊಡುತ್ತದೆ. ಅದೂ ಮೀರಿದರೆ ರಿಸೆಟ್. ಹೊಸ ಬೇಡಿಕೆಗಳು ಬರದಂತೆ ಬಾಗಿಲು ಮುಚ್ಚಿ, ಕಂಟ್ರೋಲರನ್ನು ನಿಲ್ಲಿಸಿ, ಮತ್ತೆ ಮೊದಲಿನಿಂದ ಎಬ್ಬಿಸುತ್ತದೆ. ಎದ್ದು ಸಿದ್ಧನಾಗಲು ತನಗೆಷ್ಟು ಹೊತ್ತು ಬೇಕೆಂಬುದನ್ನು ಕಂಟ್ರೋಲರೇ ಅರ್ಧರ್ಧ ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ಬರೆದುಕೊಂಡಿರುತ್ತಾನೆ. ಆ ಲೆಕ್ಕ 127.5 ಸೆಕೆಂಡಿಗಿಂತ ಹೆಚ್ಚಾಗುವಂತಿಲ್ಲ. ಎದ್ದರೆ ಸರಿ, ನಿಂತುಹೋಗಿದ್ದ ಬೇಡಿಕೆಗಳನ್ನು ಮತ್ತೆ ಸಾಲಿನಲ್ಲಿಟ್ಟು ಕೆಲಸ ಮುಂದುವರಿಸುತ್ತದೆ. ಆ ಬೇಡಿಕೆ ಕೊಟ್ಟವನಿಗೆ ನಡುವೆ ಇಷ್ಟೆಲ್ಲ ನಡೆಯಿತೆಂಬುದೂ ತಿಳಿಯುವುದಿಲ್ಲ; ಸ್ವಲ್ಪ ತಡವಾಯಿತು ಎನ್ನಿಸುತ್ತದೆ, ಅಷ್ಟೆ.

“ಏಳದಿದ್ದರೆ?” ಎಂದು ನಾನು ಕೇಳಿದೆ.

“ಅಲ್ಲಿಯೇ ಇರುವುದು ನೋಡಿ ವಿಷಯ” ಎಂದು ಅವನು ಪರದೆಯ ಮೇಲಿನ ಒಂದು ಸಂಖ್ಯೆಯನ್ನು ತೋರಿಸಿದ. ಎಂಟು ಎಫ್ ಅಕ್ಷರಗಳ ಸಾಲು ಅದು. ಹದಿನಾರರ ಮಾನದಲ್ಲಿ ಎಫ್ ಎಂದರೆ ಹದಿನೈದು, ಎಂದರೆ ನಾಲ್ಕು ಒಂದುಗಳು. ಎಂಟು ಎಫ್ ಎಂದರೆ ಮೂವತ್ತೆರಡು ಒಂದುಗಳು. ಕಂಟ್ರೋಲರಿನ ಸ್ಥಿತಿಯನ್ನು ತಿಳಿಸುವ ಫಲಕದಲ್ಲಿ ಒಂದೊಂದು ಅಂಕಕ್ಕೂ ಒಂದೊಂದು ಅರ್ಥ. ಮೊದಲನೆಯದು ಒಂದಾಗಿದ್ದರೆ ‘ಸಿದ್ಧನಿದ್ದೇನೆ’ ಎಂದು. ಎರಡನೆಯದು ಒಂದಾಗಿದ್ದರೆ ‘ನನಗೆ ಮಾರಣಾಂತಿಕ ದೋಷ ತಗಲಿದೆ’ ಎಂದು. ಕಂಟ್ರೋಲರ್ ಸಂಪರ್ಕದಿಂದಲೇ ಕಳಚಿಹೋದಾಗ ಫಲಕವನ್ನು ಓದಹೊರಟರೆ ಎಲ್ಲ ಅಂಕಗಳೂ ಒಂದೇ ಆಗಿ ಕಾಣುತ್ತವೆ. ಎಂದರೆ ಸಿದ್ಧನಿದ್ದೇನೆ ಎಂಬುದಕ್ಕೂ ಹೌದು, ಸಾಯುತ್ತಿದ್ದೇನೆ ಎಂಬುದಕ್ಕೂ ಹೌದು. ಮೊದಲನೆಯ ಅಂಕವನ್ನಷ್ಟೇ ನೋಡುವ ಅವಸರದ ಡ್ರೈವರ್ ‘ಆಹಾ, ಸಿದ್ಧನಿದ್ದಾನೆ’ ಎಂದು ಮೋಸಹೋಗುತ್ತದೆ. ಚೆನ್ನಾಗಿ ಬರೆದ ಡ್ರೈವರ್ ಮಾತ್ರ ಎಲ್ಲವೂ ಒಂದೆಂದು ಕಂಡ ಕೂಡಲೇ ಅಲ್ಲಿ ಯಾರೂ ಇಲ್ಲವೆಂದು ಅರಿಯುತ್ತದೆ.

ನನಗೆ ನಗು ಬಂತು. ತರಗತಿಯಲ್ಲಿ ‘ಅರ್ಥವಾಯಿತೇ?’ ಎಂದರೆ ‘ಹೌದು ಸಾರ್’, ‘ಅರ್ಥವಾಗಲಿಲ್ಲವೇ?’ ಎಂದರೂ ‘ಹೌದು ಸಾರ್’ ಎನ್ನುವ ಮಕ್ಕಳನ್ನು ಎಷ್ಟು ಕಂಡಿಲ್ಲ! ಎಲ್ಲಕ್ಕೂ ಹೌದು ಎನ್ನುವ ಮಗು ಅಲ್ಲಿ ಕುಳಿತಿಲ್ಲ. ಅದರ ಮನಸ್ಸು ಎಂದೋ ಗುಡ್ಡ ಹತ್ತಿಹೋಗಿದೆ. ಇದನ್ನು ತಿಳಿಯಲು ನನಗೆ ಹತ್ತು ವರ್ಷ ಹಿಡಿದಿತ್ತು.

“ಹಾಗೆ ಇಲ್ಲವೆಂದು ತಿಳಿದ ಮೇಲೆ ಕಾಯುತ್ತ ಕೂರಬಾರದು” ಎಂದು ಶಿಷ್ಯ ಮುಂದುವರಿಸಿದ. “ಒಂದು ಸಲ ರಿಸೆಟ್ ಮಾಡಿ ನೋಡಿ, ಆಗದಿದ್ದರೆ ಆ ಕಂಟ್ರೋಲರ್ ಸತ್ತಿತೆಂದು ಬರೆಯಬೇಕು. ಇಲ್ಲಿ ನೋಡಿ, ಕೊನೆಯ ಸಾಲಿನಲ್ಲಿ ಮೈನಸ್ 19 ಎಂದಿದೆ. ಅಂಥ ಸಾಧನವೇ ಇಲ್ಲ ಎಂದು ಅದರ ಅರ್ಥ. ಹಾಗೆ ಬರೆದ ಮೇಲೆ ಡಿಸ್ಕಿನ ಗಾತ್ರವನ್ನು ಸೊನ್ನೆ ಮಾಡಿ, ಮುಚ್ಚಿದ್ದ ಬಾಗಿಲನ್ನು ತೆರೆದು, ಸಾಲಿನಲ್ಲಿ ನಿಂತಿದ್ದ ಪ್ರತಿಯೊಬ್ಬನಿಗೂ ‘ನಿನ್ನ ಕೆಲಸ ಆಗಲಿಲ್ಲ’ ಎಂಬ ಉತ್ತರ ಕೊಟ್ಟು ಕಳುಹಿಸಬೇಕು.”

“ಬಾಗಿಲು ತೆರೆಯುವುದು ಯಾಕೆ? ಸತ್ತಮೇಲೆ ಮುಚ್ಚಿದ್ದರಾಗದೇ?”

“ಆಗದು ಮಾಷ್ಟ್ರೇ. ಬಾಗಿಲು ಮುಚ್ಚಿದ್ದರೆ ಹೊರಗೆ ನಿಂತವರಿಗೆ ಒಳಗೆ ಏನಾಯಿತೆಂದು ಗೊತ್ತಾಗುವುದಿಲ್ಲ. ಇಂದು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ನಿಂತೇ ಇರುತ್ತಾರೆ. ಅವರ ಹಿಂದೆ ಇನ್ನಷ್ಟು ಮಂದಿ. ಕೊನೆಗೆ ಒಂದು ಡಿಸ್ಕು ಸತ್ತದ್ದಕ್ಕೆ ಇಡೀ ಯಂತ್ರವೇ ಮರಗಟ್ಟುತ್ತದೆ. ಹಳೆಯ ಡ್ರೈವರ್‌ಗಳಲ್ಲಿ ಇಂಥ ತಪ್ಪುಗಳು ಎಷ್ಟೋ ಇದ್ದವು. ಡಿಸ್ಕು ಸಾಯುವುದು ತಪ್ಪಲ್ಲ, ಯಾವ ವಸ್ತುವೂ ಒಂದು ದಿನ ಸಾಯುತ್ತದೆ. ಕೇಳಿದವನಿಗೆ ಉತ್ತರ ಕೊಡದೆ ಕಾಯಿಸುವುದೇ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ. ಆಗದು ಎಂದು ಹೇಳಿದರೆ ಅವನು ಬೇರೆ ದಾರಿ ನೋಡಿಕೊಳ್ಳುತ್ತಾನೆ. ದೊಡ್ಡ ಸರ್ವರ್‌ಗಳಲ್ಲಿ ಒಂದೇ ಸಂಗ್ರಹಕ್ಕೆ ಎರಡು ದಾರಿಗಳಿರುತ್ತವೆ. ಈ ದಾರಿಯವನು ಬೇಗ ‘ಇಲ್ಲ’ ಎಂದರೆ ತಾನೇ ಆ ದಾರಿಗೆ ಹೋಗುವುದು?”

ಅವನು ಇದನ್ನು ಯಾವ ಒಳ ಉದ್ದೇಶವೂ ಇಲ್ಲದೆ ಹೇಳಿದ್ದ. ಹೊಳೆಯಾಚೆಯ ಹೆಂಗಸಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ನನಗೆ ಮಾತ್ರ ಬೆಂಚಿನ ಮೇಲೆ ಹತ್ತಿ ನಿಲ್ಲಿಸಿದಂತಾಯಿತು. ಜಗಲಿಯಲ್ಲಿ ಒದ್ದೆ ಕೊಡೆಯನ್ನು ಪಕ್ಕದಲ್ಲಿಟ್ಟು ಕುಳಿತಿದ್ದ ಆಕೆಯ ಬೆನ್ನು ಕಣ್ಣಮುಂದೆ ಬಂತು. ನಾನು ಮೌನವಾದುದನ್ನು ಕಂಡು ಅವನು, “ವಿಷಯ ಬೇಜಾರು ಹಿಡಿಸಿತೋ?” ಎಂದು ಕೇಳಿದ. “ಇಲ್ಲ, ನೀನು ಹೇಳು” ಎಂದೆ.

ಆಗದು ಎನ್ನುವುದಕ್ಕೂ ಒಂದು ಕ್ರಮವುಂಟೆಂದು ಅವನು ಹೇಳಿದ. ಕಂಟ್ರೋಲರ್ ಓದಿದ್ದನ್ನು ಗಣಕದ ಸ್ಮೃತಿಯಲ್ಲಿ ಗೊತ್ತುಪಡಿಸಿದ ಜಾಗಕ್ಕೆ ನೇರವಾಗಿ ತಾನೇ ಬರೆಯುತ್ತಾನೆ. ಪೂರ್ತಿ ಸಾಯದೆ ಅರೆಜೀವವಾಗಿರುವ ಕಂಟ್ರೋಲರಿನ ಬೇಡಿಕೆಯನ್ನು ಅವಸರದಲ್ಲಿ ‘ಆಗಲಿಲ್ಲ’ ಎಂದು ಹಿಂದಿರುಗಿಸಿದರೆ, ಆ ಜಾಗ ಬೇರೆ ಕೆಲಸಕ್ಕೆ ಹೋಗುತ್ತದೆ. ಆಮೇಲೆ ಇವನು ಎಚ್ಚೆತ್ತು ಹಳೆಯ ಉತ್ತರವನ್ನು ಅಲ್ಲಿ ಬರೆದುಬಿಟ್ಟರೆ ಇನ್ನೊಬ್ಬನ ಲೆಕ್ಕ ಕೆಡುತ್ತದೆ. ಆದ್ದರಿಂದ ಮೊದಲು ಅವನ ಕೈಯನ್ನು ಕಟ್ಟಬೇಕು, ಬಳಿಕವೇ ಸಾಲಿನಲ್ಲಿದ್ದವರಿಗೆ ಉತ್ತರ. ಹಾಗೆಯೇ ಇಬ್ಬರು ಏಕಕಾಲದಲ್ಲಿ ರಿಸೆಟ್ ಮಾಡಹೋಗಿ ಒಬ್ಬರ ಕಾಲನ್ನೊಬ್ಬರು ತುಳಿಯದಂತೆ, ಜೀವಂತ, ರಿಸೆಟ್ ನಡೆಯುತ್ತಿದೆ, ತೆಗೆದುಹಾಕಲಾಗುತ್ತಿದೆ, ಮೃತ ಎಂದು ಕಂಟ್ರೋಲರಿನ ಸ್ಥಿತಿಯನ್ನು ಬರೆದಿಡಲಾಗುತ್ತದೆ. ಒಂದು ಕ್ಷಣದಲ್ಲಿ ಒಂದೇ ಸ್ಥಿತಿ. ಮೃತ ಎಂದು ಬರೆದ ಮೇಲೆ ಅಲ್ಲಿಂದ ಜೀವಂತಕ್ಕೆ ನೇರ ದಾರಿಯಿಲ್ಲ.

“ಹಾಗಾದರೆ ನಮ್ಮದು ಸತ್ತೇಹೋಯಿತೇ?” ಎಂದು ಕೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಆ ನಾನೂರು ಪುಟಗಳು!

“ಇಲ್ಲ, ಇವನದು ಸಾವಲ್ಲ, ಕೆಟ್ಟ ನಿದ್ದೆ” ಎಂದ. ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸಲು ಕಂಟ್ರೋಲರ್ ತಾನಾಗಿಯೇ ಹಂತಹಂತವಾಗಿ ನಿದ್ದೆಗಿಳಿಯುವ ಏರ್ಪಾಡೊಂದಿದೆ. ಲಿನಕ್ಸ್ ಅದನ್ನು 2017ರಿಂದ ಬಳಸುತ್ತಿದೆ. ಕೆಲವು ಡಿಸ್ಕುಗಳು ಆಳವಾದ ನಿದ್ದೆಗೆ ಹೋದರೆ ಎಚ್ಚರಗೊಳ್ಳಲಾರವು. ಹಿಂದಿನ ಬೆಂಚಿನ ಹುಡುಗನಂತೆ, ಗಂಟೆ ಬಾರಿಸಿದರೂ ಏಳುವುದಿಲ್ಲ. ವಿದ್ಯುತ್ತನ್ನು ಪೂರ್ತಿ ಕಡಿದು ಕೊಟ್ಟಾಗ ಮಾತ್ರ ಏಳುತ್ತವೆ. ನಾನು ಸುಮ್ಮನೆ ಬಿಟ್ಟಾಗಲೆಲ್ಲ ಯಂತ್ರ ಮರಗಟ್ಟುತ್ತಿದ್ದುದರ ಗುಟ್ಟು ಇದು. ಚಹಾ ಕುಡಿಯಲು ಹೋದದ್ದೇ ತಪ್ಪಾಯಿತು! ಅವನು ಯಂತ್ರವನ್ನು ಎಬ್ಬಿಸುವಾಗ ‘ನಿದ್ದೆ ಬೇಡ’ ಎಂಬರ್ಥದ ಆದೇಶವೊಂದನ್ನು ಸೇರಿಸಿದ. ಡಿಸ್ಕು ಆಮೇಲೆ ಕಣ್ಣು ಮುಚ್ಚಲಿಲ್ಲ. ಪುಟಗಳನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಪ್ರತಿ ಮಾಡಿ, ಒಂದೊಂದನ್ನೂ ತಾಳೆ ನೋಡಿ, ಮೂಲ ಡಿಸ್ಕನ್ನು ಬದಲಿಸುವಂತೆ ಹೇಳಿದ. ನಾನು ಆ ವಾರ ತಯಾರಿಸುತ್ತಿದ್ದ ಹೆಸರುಗಳ ಸೂಚಿಯ ಕೊನೆಯ ಪುಟವೊಂದು ಮಾತ್ರ ಸಿಗಲಿಲ್ಲ. ನಾನು ಉಳಿಸಿದ್ದೇನೆಂದುಕೊಂಡಾಗ ಅದು ಸ್ಮೃತಿಯಲ್ಲಷ್ಟೇ ಇದ್ದು, ಡಿಸ್ಕನ್ನು ಮುಟ್ಟಿರಲಿಲ್ಲವಂತೆ.

1970ರ ಪುಟವನ್ನು ತೆರೆದೆ. ಆರನೆಯ ಸಾಲಿನಲ್ಲಿ ಆಕೆಯ ಹೆಸರಿತ್ತು. ಆಗಿನ ಮುಖ್ಯೋಪಾಧ್ಯಾಯರ ಅಚ್ಚಿನಂಥ ಅಕ್ಷರ. ತಂದೆಯ ಕಸುಬಿನ ಕಲಮಿನಲ್ಲಿ ಕೂಲಿ ಎಂದಿತ್ತು. ಪ್ರಮಾಣಪತ್ರ ಬರೆದು ಮೊಹರು ಹಾಕಿದೆ. ಸೋಮವಾರ ಆಕೆಯನ್ನು ಕರೆಸಲು ಮನಸ್ಸಾಗಲಿಲ್ಲ. ಶಾಲೆ ಬಿಟ್ಟ ಮೇಲೆ ಹೊಳೆ ದಾಟಿ ನಾನೇ ಹೋದೆ.

ಆಕೆ ಮೊರವನ್ನು ಮಡಿಲಿನಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನ್ನನ್ನು ಕಂಡು ಗಡಿಬಿಡಿಯಿಂದೆದ್ದು ಕುರ್ಚಿ ತಂದಿಟ್ಟರು. ನಾನು ಕಾಗದವನ್ನು ಕೊಟ್ಟು, “ತಡವಾಯಿತು ಅಕ್ಕ, ತಪ್ಪು ನನ್ನದು” ಎಂದೆ.

“ಅದಕ್ಕೇನು ಮಾಷ್ಟ್ರೇ, ಯಂತ್ರ ಕೆಟ್ಟರೆ ನೀವೇನು ಮಾಡುವುದು” ಎಂದರು ತುಳುವಿನಲ್ಲಿ. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ ತಡೆದು, “ತಂಗಿಯ ಮಗ ಬೇರೆ ಕಡೆಯಿಂದ ಯಾವುದಾದರೂ ದಾಖಲೆ ಮಾಡಿಸಿಕೊಡುತ್ತೇನೆ ಎಂದಿದ್ದ. ನಾನೇ ಬೇಡವೆಂದೆ. ಮಾಷ್ಟ್ರು ಕೊಡುತ್ತೇನೆ ಎಂದಿದ್ದಾರಲ್ಲ, ಎಂದೆ” ಎಂದರು.

ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಯಂತ್ರ ಕೆಟ್ಟದ್ದು ನನ್ನ ತಪ್ಪಲ್ಲವೆಂದು ಆಕೆಯೂ ಒಪ್ಪಿದರು, ಯಾರೂ ಒಪ್ಪುತ್ತಾರೆ. ಆದರೆ 10ನೆಯ ತಾರೀಕಿನಂದೇ ‘ನನ್ನಿಂದ ಆಗುವ ಭರವಸೆಯಿಲ್ಲ, ಬೇರೆ ದಾರಿಯನ್ನೂ ನೋಡಿ’ ಎಂದು ನಾನು ಹೇಳಿದ್ದರೆ ಹತ್ತು ದಿನಗಳಲ್ಲಿ ಆ ಹುಡುಗ ಏನಾದರೂ ಮಾಡುತ್ತಿದ್ದ. ನನ್ನ ಸೌಜನ್ಯವೇ ಆ ಬಾಗಿಲನ್ನು ಮುಚ್ಚಿತು. ಎಲ್ಲಕ್ಕೂ ಹೌದು ಎನ್ನುತ್ತಿದ್ದ ಆ ಫಲಕ ಡಿಸ್ಕಿನಲ್ಲಿ ಮಾತ್ರವಲ್ಲ, ನನ್ನ ಕುರ್ಚಿಯಲ್ಲಿಯೂ ಇತ್ತು. ಆಕೆಯ ಅರ್ಜಿ ಮುಂದಿನ ಸರದಿಗೆ ಹೋಗಿ, ಪಿಂಚಣಿ ಎರಡು ತಿಂಗಳು ತಡವಾಗಿ ಮಂಜೂರಾಯಿತು. ನನಗೆ ಎರಡು ತಿಂಗಳು ದೊಡ್ಡದಲ್ಲ. ಬೀಡಿಯ ಮಜೂರಿಯಲ್ಲಿ ಬದುಕುವವರಿಗೆ ಅದು ಎಷ್ಟು ದೊಡ್ಡದೆಂಬುದನ್ನು ನಮ್ಮ ಕಡೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಯೋಚಿಸಿದರೆ ನಮ್ಮಂಥ ಗಡಿಯ ಕನ್ನಡಿಗರು ಈ ‘ನಾಳೆ ಬನ್ನಿ’ಯ ರುಚಿಯನ್ನು ಚೆನ್ನಾಗಿಯೇ ಉಂಡವರು. ಕನ್ನಡದ ಪಾಠಪುಸ್ತಕಕ್ಕೆ, ಕನ್ನಡ ಬಲ್ಲ ಅಧ್ಯಾಪಕನಿಗೆ, ಕನ್ನಡದ ಅರ್ಜಿ ನಮೂನೆಗೆ ಎಷ್ಟು ಸಲ ಕಚೇರಿಗಳ ಜಗಲಿಯಲ್ಲಿ ಕಾದಿಲ್ಲ? ‘ಇಲ್ಲ’ ಎಂದಿದ್ದರೆ ಬೇರೆ ಉಪಾಯ ಮಾಡುತ್ತಿದ್ದೆವು, ‘ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ನಂಬಿ ವರ್ಷಗಳನ್ನೇ ಕಳೆದೆವು ಎಂದು ಸಭೆಗಳಲ್ಲಿ ನಾನೇ ಭಾಷಣ ಮಾಡಿದ್ದುಂಟು. ಅದೇ ಮಾತನ್ನು ನಮ್ಮ ಹಳ್ಳಿಯ ಬಡ ಹೆಂಗಸಿಗೆ, ನಮ್ಮದೇ ಶಾಲೆಯಲ್ಲಿ ಕುಳಿತು, ನಾನು ನಾಲ್ಕು ಸಲ ಹೇಳಿದೆ.

ಈಗ ನನ್ನ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟುಪುಸ್ತಕವಿದೆ. ಯಾರೇ ಯಾವುದೇ ಕಾಗದವನ್ನು ಕೇಳಿ ಬಂದರೂ ಅವರ ಹೆಸರು, ಬಂದ ದಿನ, ಉತ್ತರ ಕೊಡಬೇಕಾದ ದಿನ ಎಂದು ಮೂರು ಕಲಮು. ಗಡುವಿನ ದಿನ ಕೆಲಸ ಆಗಿದ್ದರೆ ಕಾಗದ. ಆಗದಿದ್ದರೆ ಒಂದೇ ಒಂದು ಸಲ ಹೊಸ ಗಡುವು. ಅದೂ ಮೀರಿದರೆ ‘ಇಲ್ಲಿ ಆಗದು, ಇಂಥಲ್ಲಿಗೆ ಹೋಗಿ’ ಎಂದು ನಾನೇ ಎದ್ದುನಿಂತು ಹೇಳುತ್ತೇನೆ. ಮೊದಮೊದಲು ನಾಲಗೆ ತೊಡರುತ್ತಿತ್ತು. ಮೂವತ್ತು ವರ್ಷಗಳ ಅಭ್ಯಾಸ ಒಂದೇ ದಿನದಲ್ಲಿ ಹೋದೀತೇ? ಜನ ಮುನಿಸಿಕೊಳ್ಳುತ್ತಾರೆಂಬ ಭಯವೂ ಇತ್ತು. ಯಾರೂ ಅಷ್ಟೇನೂ ಮುನಿಸಿಕೊಳ್ಳಲಿಲ್ಲ. “ಮೊದಲೇ ಹೇಳಿದ್ದು ಒಳ್ಳೆಯದಾಯಿತು ಮಾಷ್ಟ್ರೇ” ಎಂದು ಹೇಳಿ ಹೋದವರೇ ಹೆಚ್ಚು.

ದೀಪಾವಳಿಗೆ ಬಂದಾಗ ಶಿಷ್ಯ ಆ ಪುಸ್ತಕವನ್ನು ಕಂಡು ಪುಟಗಳನ್ನು ತಿರುವಿಹಾಕಿದ. “ಇದೇನು ಮಾಷ್ಟ್ರೇ, ನಮ್ಮ ಟೈಮ್‌ಔಟ್ ಪಟ್ಟಿಯ ಹಾಗಿದೆಯಲ್ಲ!” ಎಂದು ನಕ್ಕ. ಹೌದಪ್ಪ ಎಂದೆ. ಒಂದು ಕಾಲದಲ್ಲಿ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು. ಈ ವಯಸ್ಸಿನಲ್ಲಿ ನನ್ನ ಕೈ ಹಿಡಿದು ಅವನು ತಿದ್ದಿಸಿದ ಪದ ಒಂದೇ ಒಂದು, ಅದೂ ಮೂರಕ್ಷರದ್ದು. ಪುಸ್ತಕದ ಕೊನೆಯ ಕಲಮಿನಲ್ಲಿ ಅಲ್ಲಲ್ಲಿ ಅದು ನನ್ನದೇ ಅಕ್ಷರದಲ್ಲಿ ಕಾಣುತ್ತದೆ: ‘ಆಗದು.’ ಅದರ ಪಕ್ಕದಲ್ಲಿಯೇ, ಬಂದವರು ಮುಂದೆ ಹೋಗಬೇಕಾದ ಜಾಗದ ಹೆಸರೂ ಇರುತ್ತದೆ.